ಗ್ಯಾಸಿಗೂ ಓಡುವ ಜನರೇಟರ್

ಕಂಪ್ಲಿಯ ಕೊಟ್ರಬಸಮ್ಮ ಹೊಸಪೇಟೆಯ ಅಂಗಡಿಯಲ್ಲಿ ಪೆಟ್ರೋಲಿಗೂ ಗ್ಯಾಸಿಗೂ ಓಡುವ ಸಣ್ಣ ಇನ್ವರ್ಟರ್ ಜನರೇಟರ್ ಆರಿಸಿದಳು. ಕರೆಂಟ್ ಹೋದರೆ ಗಂಡನ ಆಕ್ಸಿಜನ್ ಯಂತ್ರ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಉಳಿದಿದ್ದು ಅದೊಂದೇ.

ಅಷ್ಟರಲ್ಲಿ ಅದಿರಿನ ಧೂಳು ಮೆತ್ತಿದ ಜೀಪಿನಿಂದ ಗಣಿ ಧಣಿಯ ಇಬ್ಬರು ಆಳುಗಳು ಇಳಿದು ಬಂದರು. "ಇದು ನಮ್ಮ ಸಾಹೇಬ್ರಿಗೆ ಬೇಕು," ಎಂದು ಒಬ್ಬ ಅದನ್ನೆತ್ತಿದ.

"ಅಮ್ಮಾರು ಆಗಲೇ ತಗೊಂಡಾರ್ರಿ," ಎಂದ ಅಂಗಡಿಯ ಮನೋಹರನ ಬಾಯಿಗೆ ಇನ್ನೊಬ್ಬ ಗುದ್ದಿದ. ಹಲ್ಲು ಮುರಿದು ರಕ್ತ ಸುರಿಯಿತು. ಬಿದ್ದವನ ಪಕ್ಕೆಗೂ ಒದ್ದ.

ಕೊಟ್ರಬಸಮ್ಮ ಮೇಜಿನ ಮೇಲಿದ್ದ ಸ್ಪ್ಯಾನರ್ ಹಿಡಿದು ಒದ್ದವನ ಮೊಣಕಾಲಿಗೆ ಬೀಸಿದಳು. ಅವನು ಕಿರುಚಿ ಕುಸಿದ.

"ಲೇ, ಕೆಳಗಿಡು! ಅದಿಲ್ದಿದ್ರ ನನ್ನ ಗಂಡ ಸಾಯ್ತಾನ!" ಎಂದು ಮತ್ತೊಬ್ಬನತ್ತ ನುಗ್ಗಿದಳು. ಅವನು ಜನರೇಟರ್ ಇಳಿಸಿ, ಜೊತೆಗಾರನನ್ನು ಜೀಪಿಗೆ ಎಳೆದೊಯ್ದ.

ಮನೋಹರ ಬಾಯಿಗೆ ಬಟ್ಟೆ ಒತ್ತಿಕೊಂಡೇ ಗ್ಯಾಸಿನ ಪೈಪ್ ಜೋಡಿಸುವುದನ್ನು ತೋರಿಸಿಕೊಟ್ಟ. ಅವಳು ದುಡ್ಡು ಎಣಿಸಿಕೊಟ್ಟು ಜನರೇಟರ್ ಎತ್ತಿಕೊಂಡಳು.