ತಿರುವಿನಲ್ಲಿ ನಿಂತವರು

ಲಿಂಗಪ್ಪ ಹಗ್ಗದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ಕುರ್ಚಿಯ ಕಾಲಿಗೆ ಬಿದಿರ ಗಳ ಬಿಗಿದ. ಕುರ್ಚಿಯಲ್ಲಿ ಗಂಗಾಧರಪ್ಪ ಕೂತಿದ್ದರು. ಹಣೆತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ, ಬಾಯಿ ತೆರೆಯದಂತೆ ಗಲ್ಲದಿಂದ ನೆತ್ತಿಗೆ ಕಟ್ಟಿದ ಬಿಳಿ ಬಟ್ಟೆ. ಕೊಪ್ಪದ ಬಾಡಿಗೆ ಕೋಣೆಯಿಂದ ಅವರನ್ನು ತಂದ ವ್ಯಾನು ಶೆಟ್ಟಿಕೊಪ್ಪದ ರಸ್ತೆಯ ತಿರುವಿನಲ್ಲಿ ನಿಂತಿತ್ತು. ಮುಂದೆ ಕಾಲುದಾರಿ. ಇಳಿದರೆ ತಂಗಿ ವೀರಮ್ಮನ ಮನೆ, ಅದಕ್ಕೂ ಕೆಳಗೆ ಗದ್ದೆಯಂಚಿನಲ್ಲಿ ಅವ್ವನ ಸಮಾಧಿ. ಅದರ ಪಕ್ಕದಲ್ಲೇ ಗುಂಡಿ ತೋಡಿದ್ದರು.

"ಏನೂ ಭಾರ ಇಲ್ಲ ಮಾರಾಯ," ಅಂದ ಲಿಂಗಪ್ಪ, ಗಳ ಎತ್ತಿ ನೋಡುತ್ತ. ವೀರಮ್ಮನ ಮೈದುನ ಅವನು. "ಅನ್ನ ತಿಂತಿದ್ನೋ, ಬರೀ ಫೋನ್ ನೋಡ್ಕಂಡು ಕೂರ್ತಿದ್ನೋ."

ಹೊರಲು ಬಂದವರು ಮೆಲ್ಲಗೆ ನಕ್ಕರು. ವೀರಮ್ಮ ನಗಲಿಲ್ಲ. ಅಣ್ಣನ ಮುಖ ಕಾಣದಂತೆ ವ್ಯಾನಿನ ಆಚೆ ಬದಿ ನಿಂತಿದ್ದಳು.

"ಬಾರಮ್ಮ," ಅಯ್ಯನವರು ಕರೆದರು. "ಹೆಂಡ್ತಿ ಮಕ್ಕಳಿಲ್ಲದ ಜೀವ. ಮೊದಲನೇ ಹಿಡಿ ಮಣ್ಣು ನಿಂದೇ."

"ನಾನು ಹಾಕಲ್ಲ ಅಯ್ಯನೋರೆ. ಜಾಗ ಕೊಟ್ಟಿದೀನಿ, ಬಂದೋರಿಗೆ ಅಡಿಗೆ ಮಾಡ್ಸಿದೀನಿ. ಅಷ್ಟು ಸಾಕು. ಅವ್ವನ ಮಣ್ಣಿಗೆ ಬರ್ದೇ ಇದ್ದೋನು ಅವನು. ಊರಿಗೂರೇ ಕಾದು ಕೂತಿತ್ತು. ಅಂಥೋನಿಗೆ ನನ್ನ ಕೈಮಣ್ಣು ಯಾಕೆ?"

"ಹೋದೋರ ಮೇಲೆ ಸಿಟ್ಟು ಇಟ್ಕಂಬಾರ್ದು ತಾಯಿ."

"ಇದ್ದಾಗ ಸಿಟ್ಟು ಮಾಡಣ ಅಂದ್ರೆ ಕೈಗೇ ಸಿಗ್ಲಿಲ್ವಲ್ಲ."

ಅಯ್ಯನವರು ಜಾಗಟೆಯವನಿಗೆ ಕೈಸನ್ನೆ ಮಾಡಿದರು. ಜಾಗಟೆ ಬಡಿಯಿತು. ಕುರ್ಚಿ ಹೆಗಲೇರಿತು. ವ್ಯಾನಿನಲ್ಲಿ ಬಂದಿದ್ದ ಅರ್ಪಿತಾ ಎರಡು ಹೆಜ್ಜೆ ಹಿಂಬಾಲಿಸಿದವಳು ಕೈಯಲ್ಲಿದ್ದ ಫೋನು ನೋಡಿ ನಿಂತುಬಿಟ್ಟಳು. ಗಂಗಾಧರಪ್ಪ ಕೆಲಸಕ್ಕಿದ್ದ ಕಾಳುಮೆಣಸಿನ ಎಣ್ಣೆಯ ಘಟಕದಲ್ಲೇ ಅವಳಿಗೂ ಕೆಲಸ.

"ಬಾ ತಂಗಿ, ಯಾಕೆ ನಿಂತೆ?" ಗಳದಡಿಯಿಂದ ಲಿಂಗಪ್ಪ ಕೇಳಿದ.

"ಕೆಳಗೆ ಸಿಗ್ನಲ್ ಇಲ್ಲಲ್ಲ."

"ಹೆಣದ ಹಿಂದೆ ಹೋಗಕ್ಕೂ ಸಿಗ್ನಲ್ ಬೇಕಾ! ಅವನ ಶಿಷ್ಯೆನೇ ಸರಿ."

ಜನ ಇಳಿದರು. ಬಿಸಿಲು ಚುರುಗುಟ್ಟುವ ರಸ್ತೆಯಲ್ಲಿ ಇಬ್ಬರೇ ಹೆಂಗಸರು ಉಳಿದರು.

*

ಅವ್ವ ಸಂಜೆ ದೀಪ ಹಚ್ಚಿ, ಕಂಬಕ್ಕೊರಗಿ, ಶರಣರ ಕಥೆಗಳನ್ನು ರಾಗವಾಗಿ ಹೇಳುತ್ತಿದ್ದಳು. ಕೇಳುವವರು ಪದ್ಯಪದ್ಯಕ್ಕೂ ಹೂಂಗುಡಬೇಕು. ಹೂಂ ನಿಂತರೆ ಅವ್ವನ ಪದವೂ ನಿಲ್ಲುತ್ತಿತ್ತು. ವೀರಮ್ಮ ಶರಣರು ಕಲ್ಯಾಣ ಸೇರುವ ಮೊದಲೇ ನಿದ್ದೆಹೋಗುತ್ತಿದ್ದಳು. ಗಂಗಾಧರ ಮಾತ್ರ ಕತ್ತಲಲ್ಲಿ ಕಣ್ಣರಳಿಸಿ ಕೂತು, ಒಂದಕ್ಕೂ ತಪ್ಪದೆ ಹೂಂ ಅನ್ನುತ್ತಿದ್ದ.

"ಈ ಹುಡುಗ ಇರೋ ತನಕ ನನ್ನ ಕಥೆಗೆ ಮೋಸ ಇಲ್ಲ," ಅನ್ನುತ್ತಿದ್ದಳು ಅವ್ವ.

*

"ಯಾರ ಫೋನು ಅದು?" ವೀರಮ್ಮ ಕೇಳಿದಳು.

"ಸರ್‌ದು."

"ಸತ್ತೋನಿಗೆ ಯಾರು ಫೋನ್ ಮಾಡ್ತಾರೆ?"

"ಯಾರೂ ಮಾಡಲ್ಲಮ್ಮ. ಆದ್ರೂ ಹಿಡ್ಕಂಡಿರ್ಬೇಕು." ಅರ್ಪಿತಾ ಕಣ್ಣೊರೆಸಿಕೊಂಡಳು. "ನಮ್ಮ ಎಣ್ಣೆ ಬೆಂಕಿ ಹಿಡಿಯೋ ಮಾಲು. ಪ್ಲೇನಲ್ಲಿ ಕಳಿಸ್ಬೇಕಂದ್ರೆ ಪೇಪರಲ್ಲಿ ಒಂದು ನಂಬರ್ ಹಾಕ್ಬೇಕು. ದಾರೀಲಿ ಸೋರಿದ್ರೆ, ಹೊತ್ಕಂಡ್ರೆ, ಯಾವ ದೇಶದೋರು ಯಾವ ಹೊತ್ತಲ್ಲಿ ಮಾಡಿದ್ರೂ ಮನುಷ್ಯರೇ ಎತ್ತಿ ಹೇಳ್ಬೇಕು, ಹೀಗೆ ಮಾಡಿ, ಹಾಗೆ ಮಾಡ್ಬೇಡಿ ಅಂತ. ಮೆಷಿನ್ ಮಾತಾಡೋ ಹಾಗಿಲ್ಲ. ಪೆಟ್ಟಿಗೆ ಹೋಗಿ ಮುಟ್ಟೋ ತನಕ. ಆ ನಂಬರ್ ಸರ್‌ದು. ಮೊನ್ನೆ ಕಳಿಸಿದ ಪೆಟ್ಟಿಗೆ ಇನ್ನೂ ದಾರೀಲಿದೆ."

"ನಿನ್ನ ಫೋನಿಗೆ ತಿರುಗಿಸ್ಕಳಕ್ಕೆ ಆಗಲ್ವಾ?"

"ಲಾಕ್ ತೆಗಿಯೋದು ಅವರಿಗೊಬ್ಬರಿಗೇ ಗೊತ್ತಿತ್ತು. ಬಂದ್ರೆ ಎತ್ತಬಹುದು, ಅಷ್ಟೇ."

"ಇಷ್ಟು ವರ್ಷದಲ್ಲಿ ಎಷ್ಟು ಜನ ಮಾಡಿದಾರೆ?"

"ಒಬ್ಬರೂ ಇಲ್ಲ. ಪೆಟ್ಟಿಗೆ ಹೋದಾಗೆಲ್ಲ ನಾನೇ ಬೆಳಿಗ್ಗೆ ಒಂದ್ಸಲ ಮಾಡಿ ನೋಡ್ತಿದ್ದೆ. ಮೊದಲನೇ ರಿಂಗಿಗೇ ಎತ್ತೋರು. ನಿನ್ನೆ ಎತ್ಲಿಲ್ಲ. ಆಗ್ಲೇ ಕೋಣೆಗೆ ಓಡಿದೆ."

ಕೆಳಗೆ ಕುರ್ಚಿ ಮನೆಯ ಅಂಗಳ ದಾಟುತ್ತಿತ್ತು. ವೀರಮ್ಮ ಅತ್ತ ನೋಡಲಿಲ್ಲ.

"ಯಾರೂ ಮಾಡದ ಫೋನಿಗೋಸ್ಕರ ಹಡೆದವಳ ಮಣ್ಣಿಗೆ ಬರ್ಲಿಲ್ಲ."

"ಬಂದಿದ್ರಲ್ಲಮ್ಮ," ಅಂದಳು ಅರ್ಪಿತಾ. "ಇಲ್ಲಿ ತನಕ ಬಂದಿದ್ರು."

*

ಅವ್ವನ ಮಣ್ಣಿನ ದಿನವೂ ಒಂದು ಪೆಟ್ಟಿಗೆ ದಾರಿಯಲ್ಲಿತ್ತು. ಗಂಗಾಧರಪ್ಪ ತಿರುವಿಗೆ ಬರುವಷ್ಟರಲ್ಲಿ ಅವ್ವನನ್ನು ಗದ್ದೆಯಂಚಿಗೆ ಒಯ್ದಾಗಿತ್ತು. ಕಾಲುದಾರಿ ಇಳಿದರು. ಮನೆಯ ಬೇಲಿ ಕಾಣುವಷ್ಟರಲ್ಲಿ ಫೋನಿನ ಸಿಗ್ನಲ್ ಹೋಯಿತು. ಮತ್ತೆ ಹತ್ತಿದರು, ಬಂತು. ಮತ್ತೆ ಇಳಿದರು. ಮರಗಳ ಸಂದಿನಲ್ಲಿ ಬಿಳಿ ಪಂಚೆಗಳು ಬಾಗಿ ಏಳುವುದು ಕಾಣುತ್ತಿತ್ತು. ಒಂದು ಗಳಿಗೆ ಯಾರ ಕೈಗಾದರೂ ಫೋನು ಕೊಟ್ಟು, ಬಂದರೆ ಎತ್ತಿ ನನ್ನನ್ನು ಕೂಗು ಅಂದರೆ ಸಾಕಿತ್ತು. ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ತಮ್ಮವರು ಅಂತ ಇದ್ದವರೆಲ್ಲ ಕೆಳಗೇ ಇದ್ದರು.

ಜಾಗಟೆ ನಿಂತಿತು. ರಸ್ತೆ ಕಡಿದ ದರೆಯಿಂದ ಒಂದು ಹಿಡಿ ಮಣ್ಣು ಕಿತ್ತು ಇಳಿಜಾರಿಗೆ ಬಿಟ್ಟರು. ಅದು ಹುಲ್ಲಿನಲ್ಲೇ ಉಳಿಯಿತು. ಜನ ಮೇಲೆ ಬರುವ ಸದ್ದಾದಾಗ, ಏನು ಹೇಳಬೇಕೆಂದು ತೋಚದೆ, ಕೊಪ್ಪದ ದಿಕ್ಕಿಗೆ ನಡೆದುಬಿಟ್ಟರು.

*

"ನಂಗೆ ಒಂದು ಮಾತು ಹೇಳಕ್ಕೆ ಏನಾಗಿತ್ತು ಅವನಿಗೆ?" ವೀರಮ್ಮನ ದನಿ ಏರಿತು.

ಅರ್ಪಿತಾ ನೆಲ ನೋಡಿದಳು. "ಮಾಡ್ತಿದ್ರಮ್ಮ. ಮಧ್ಯಾಹ್ನ ಊಟದ ಹೊತ್ತಲ್ಲಿ ನನ್ನೆದುರೇ, ತಮ್ಮ ಇನ್ನೊಂದು ಸಣ್ಣ ಫೋನಿಂದ. ನೀವು ಎತ್ತುತಿರ್ಲಿಲ್ಲ."

ವೀರಮ್ಮ ಒಲೆಯ ಮುಂದೆ ಕೂತು, ಗೂಡಿನಲ್ಲಿ ಬಡಿದುಕೊಳ್ಳುವ ಫೋನನ್ನು ನೋಡುತ್ತ, ಅದು ತಾನಾಗಿ ನಿಲ್ಲುವ ತನಕ ಸೌದೆ ಮುಂದೆ ತಳ್ಳಿದ ಮಧ್ಯಾಹ್ನಗಳು ಒಂದೆರಡಲ್ಲ.

ಕೆಳಗಿನಿಂದ ಲಿಂಗಪ್ಪ ಕೂಗಿದ: "ಅತ್ತಿಗೇ! ಇಳಿಸ್ತಿದೀವಿ! ಬರ್ತೀರೋ ಇಲ್ವೋ?"

ವೀರಮ್ಮ ಕೈ ಚಾಚಿದಳು. "ಕೊಡಿಲ್ಲಿ ಅದನ್ನ."

"ಅಮ್ಮ?"

"ನೀನು ಹೋಗು. ನನ್ನ ಹಿಡಿ ನೀನು ಹಾಕು. ಇದು ಹೊಡ್ಕಂಡ್ರೆ ಏನು ಮಾಡ್ಬೇಕು?"

"ಈ ಹಸಿರು ಗುರ್ತನ್ನ ಎಳೀರಿ. ಹಲೋ ಅನ್ನಿ. ಕಟ್ ಮಾಡ್ಬೇಡಿ. ನನ್ನ ಕೂಗಿ, ಓಡಿ ಬರ್ತೀನಿ."

"ಅಷ್ಟೇನಾ?"

"ಅಷ್ಟೇ."

"ಅಷ್ಟೇನಾ," ವೀರಮ್ಮ ಮತ್ತೊಮ್ಮೆ ಅಂದಳು, ಯಾರನ್ನೂ ಕೇಳದೆ. "ಹೋಗು ಮಗಾ. ಮುಖ ಮುಚ್ಚೋದ್ರೊಳಗೆ ಹೋಗು."

ಅರ್ಪಿತಾ ಚಪ್ಪಲಿ ಬಿಟ್ಟು ಓಡಿದಳು.

ಸ್ವಲ್ಪ ಹೊತ್ತಿಗೆ ಎನ್.ಆರ್. ಪುರದ ಬಸ್ಸು ಬಂದು ತಿರುವಿನಲ್ಲಿ ನಿಂತಿತು. ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಹತ್ತಿ ಅಮ್ಮ, ಹತ್ತಿ, ಸೀಟಿದೆ," ಅಂದ. ವೀರಮ್ಮ ತಲೆ ಎತ್ತಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋಯಿತು. ಕೆಳಗೆ ಜಾಗಟೆ ಜೋರಾಯಿತು. ಅವಳು ಫೋನನ್ನು ಎಡ ಅಂಗೈ ಮೇಲಿಟ್ಟು ಎದೆಮಟ್ಟಕ್ಕೆ ಹಿಡಿದು, ಬಿಸಿಲು ಬೀಳದಂತೆ ಸೆರಗು ಅಡ್ಡಮಾಡಿ, ಲಿಂಗಪೂಜೆಗೆ ಕೂತವಳ ಹಾಗೆ ಅದರಲ್ಲೇ ದೃಷ್ಟಿ ನೆಟ್ಟು ನಿಂತಿದ್ದಳು.