ಸಿನ್ಯೋರಾ ಪೀನಾ ಹತ್ತಿದ ದಾರಿ

ಡೀಲಿಯಾಳ ಕಟ್ಟಡ ಊರೊಳಗೆ ಕೂರಲಿಲ್ಲ.

ಮೊದಲು ಮೆಲ್ಲಗೆ ಒತ್ತಿದಳು. ಆಮೇಲೆ ಓರೆ ಮಾಡಿ, ಒಂದು ಮೂಲೆಯನ್ನಷ್ಟೇ ಇಳಿಸಿ ನೋಡಿದಳು. ಕೊನೆಗೆ ಉಸಿರು ಬಿಗಿಹಿಡಿದು ಎರಡೂ ಹೆಬ್ಬೆರಳಿನಿಂದ ಅದುಮಿದಳು. ಪಕ್ಕದ ರಟ್ಟಿನ ಮನೆ ಕಿರ್ರೆಂದಿತು.

"ಏ ಅಮೆರಿಕಾ, ನಮ್ಮೂರು ಮುರೀಬೇಡ ಮಾರಾಯ್ತಿ!" ಎಂದು ಆಚೆ ಮೇಜಿನಿಂದ ಫುಲ್ವಿಯೊ ಕೂಗಿದ. "ಕಟ್ಟೋಕೆ ಎಂಟುನೂರು ವರ್ಷ ಹಿಡಿದಿದೆ."

ಆ ಊರು ವಾಸ್ತುಶಿಲ್ಪ ಕಾಲೇಜಿನ ಸ್ಟುಡಿಯೋದ ನಡುವೆ ಜೋಡಿಸಿಟ್ಟ ಮೇಜುಗಳ ಮೇಲೆ ಹರಡಿಕೊಂಡಿತ್ತು. ಇಟಲಿಯ ಜೆನೋವಾ ನಗರದ ಒಂದು ಕಡಿದಾದ ಗುಡ್ಡ, ಎಲ್ಲಾ ಬೂದು ರಟ್ಟಿನಲ್ಲಿ. ಕೆಳಗೆ ಬಂದರು, ಮೇಲೆ ಹೋದಂತೆ ಒಂದರ ಹೆಗಲ ಮೇಲೊಂದು ಹತ್ತಿ ಕೂತ ಮನೆಗಳು. ನಡುನಡುವೆ, ಹಲ್ಲು ಬಿದ್ದ ಬಾಯಿಯ ಹಾಗೆ, ಕೆಲವು ಖಾಲಿ ಜಾಗಗಳು. ತರಗತಿಯ ಒಬ್ಬೊಬ್ಬರಿಗೂ ಅಂಥದ್ದೊಂದು ಖಾಲಿ ಜಾಗ ಕೊಟ್ಟಿದ್ದರು. ಅಲ್ಲಿಗೊಂದು ಕಟ್ಟಡ ಯೋಚಿಸಿ, ಅದರ ಮಾದರಿ ಮಾಡಿ, ಕೊನೆಯ ಪರೀಕ್ಷೆಯ ದಿನ ತಂದು ಆ ಗುಂಡಿಯಲ್ಲಿ ಕೂರಿಸಬೇಕು. ಪ್ರೊಫೆಸರ್ ಬಾಚಿಗಲೂಪೊ ಮೊದಲ ದಿನವೇ ಹೇಳಿಬಿಟ್ಟಿದ್ದರು: "ಊರಲ್ಲಿ ಕೂತರೆ ಮಾತಾಡೋಣ. ಕೂರದ ಕಟ್ಟಡದ ಬಗ್ಗೆ ನನ್ನ ಬಾಯಿಗೆ ಕೆಲಸವಿಲ್ಲ."

ಪರೀಕ್ಷೆ ಇವತ್ತೇ. ಇದರಲ್ಲಿ ಪಾಸಾಗದಿದ್ದರೆ ಡೀಲಿಯಾಳ ಈ ಒಂದು ವರ್ಷ ಅಮೆರಿಕದ ಪಿಟ್ಸ್‌ಬರ್ಗಿನ ಅವಳ ಕಾಲೇಜಿನ ಲೆಕ್ಕಕ್ಕೆ ಬರುವುದಿಲ್ಲ. ವಾಪಸು ಹೋಗಿ ಚಿಕ್ಕವರ ಜೊತೆ ಅದೇ ತರಗತಿಯಲ್ಲಿ ಮತ್ತೆ ಕೂರಬೇಕು. ಯುರೋಪಿಗೆ ಹೋಗಿ ಏನು ಕಲಿತೆ ಎಂದು ಯಾರಾದರೂ ಕೇಳಿದರೆ ರೈಲಿನ ಹೆಸರುಗಳನ್ನು ಹೇಳಬೇಕು.

ಫುಲ್ವಿಯೊ ಬಂದು ಬಗ್ಗಿ ನೋಡಿದ. ತೆಳ್ಳಗಿನ, ಸದಾ ನಿದ್ದೆಗಣ್ಣಿನ ಹುಡುಗ. ಗುಡ್ಡದ ತುದಿಯಲ್ಲಿ, ಡೀಲಿಯಾಳ ಜಾಗಕ್ಕಿಂತ ಒಂದು ಓಣಿ ಮೇಲೆ ಇರುವುದು ಅವನ ಜಾಗ. ಕೈಯಲ್ಲಿದ್ದ ಫೊಕಾಚ್ಚಾ ರೊಟ್ಟಿಯನ್ನು ಉಪ್ಪಿನ ಮಗ್ಗುಲು ನಾಲಗೆಗೆ ತಾಗುವಂತೆ ಬೋರಲಾಗಿಸಿ ಕಚ್ಚಿದ.

"ಅಗಲದಲ್ಲಿ ಕಿರುಬೆರಳಿನಷ್ಟು ಹೆಚ್ಚಾಗಿದೆ. ಎತ್ತರ, ಆಳವೂ ಅಷ್ಟಷ್ಟು ಹೆಚ್ಚು. ಇದು ಕೈತಪ್ಪಲ್ಲ ಕಣೆ, ಲೆಕ್ಕದ ತಪ್ಪು. ಯಾವ ಪಟ್ಟಿಯಲ್ಲಿ ಅಳೆದೆ?"

ಡೀಲಿಯಾ ಚೀಲದಿಂದ ತನ್ನ ಮೂರು ಮೂಲೆಯ ಮರದ ಅಳತೆಪಟ್ಟಿ ತೆಗೆದಳು. ಅಂಚು ಸವೆದು ನುಣುಪಾದದ್ದು, ಮನೆಯಿಂದ ತಂದದ್ದು. ಫುಲ್ವಿಯೊ ತನ್ನ ಪಟ್ಟಿಯನ್ನು ಅದರ ಪಕ್ಕಕ್ಕಿಟ್ಟ. ಇಬ್ಬರೂ ನೋಡಿದರು. ಅವನು ಅಗಿಯುವುದನ್ನು ನಿಲ್ಲಿಸಿದ.

ಅವಳ ಊರಿನಲ್ಲಿ ಒಂದು ಅಡಿಗೆ ಇಂಚಿನ ಎಂಟನೇ ಒಂದು ಪಾಲು. ಅಂದರೆ ನಿಜವಾದ ಕಟ್ಟಡದ ತೊಂಬತ್ತಾರನೇ ಒಂದು ಭಾಗ. ಇಲ್ಲಿ ನೂರನೇ ಒಂದು ಭಾಗ. "ಎಂಟನೇ ಪಾಲು ಅಂದ್ರೆ ನೂರು ಅಂತಲೇ ಇಟ್ಕೋ, ಯಾರು ನೋಡ್ತಾರೆ" ಎಂದು ಅಲ್ಲಿಯ ಹಿರಿಯ ವಿದ್ಯಾರ್ಥಿಗಳು ಹೇಳಿಕೊಟ್ಟ ಮಾತು. ನಕ್ಷೆಯನ್ನೇನೋ ಮೀಟರಿನಲ್ಲೇ ಬರೆದಿದ್ದಳು. ಮರ ಕತ್ತರಿಸುವಾಗ ಮಾತ್ರ ಕೈ ತನಗೆ ಗೊತ್ತಿದ್ದ ಪಟ್ಟಿಯನ್ನೇ ಎತ್ತಿಕೊಂಡಿತ್ತು. ಯಾರೂ ನೋಡದ ಆ ನಾಲ್ಕು ಪಾಲನ್ನು ಗುಂಡಿ ನೋಡಿತು.

"ನನ್ನ ಕಥೆ ಮುಗೀತು," ಎಂದಳು.

"ಇನ್ನೂ ಇಲ್ಲ. ಪ್ರೊಫ್ ಬಂದರಿನಿಂದ ಹೊರಡ್ತಾರೆ. ಪ್ರತಿ ಮನೆ ಹತ್ರ ನಿಂತು ಬೈದು, ಊಟ ಮುಗಿಸಿ, ನಿನ್ನ ಹತ್ರ ಬರೋ ಹೊತ್ತಿಗೆ ಬಿಸಿಲು ಇಳಿದಿರುತ್ತೆ. ಏನಾದ್ರೂ ಮಾಡು."

ಡೀಲಿಯಾ ಕಟ್ಟಡವನ್ನು ಎತ್ತಿಕೊಂಡು ಅಂಗಳದ ಮೆಟ್ಟಿಲಿಗೆ ಹೋದಳು. ಮೊಣಕಾಲ ಮೇಲಿಟ್ಟುಕೊಂಡು ನೋಡಿದಳು. ಎಷ್ಟು ಚೆಂದ ಇತ್ತು! ಅದೊಂದು ಓದುಮನೆ. ಮುಂದುಗಡೆ ಮರದ ಪಟ್ಟಿಗಳನ್ನು ಪದರ ಪದರವಾಗಿ ಅಂಟಿಸಿ ಮಾಡಿದ ದಪ್ಪನೆಯ ಮುಖ. ಸೂರಿನ ಅಂಚು ಪ್ಯಾರಿಸಿನದು. ಅಲ್ಲಿ ಬೀದಿಗಳು ಬಾಚಿ ಬೈತಲೆ ತೆಗೆದಂತಿದ್ದವು, ಒಂದು ಕೂದಲೂ ಹಾರುತ್ತಿರಲಿಲ್ಲ. ಕಿಟಕಿಗಳು ವಿಯೆನ್ನಾದವು; ಆ ಊರು ದಿನವಿಡೀ ಅತಿಥಿಗಳಿಗೆ ಕಾಯುತ್ತಾ ಕೂತ ಸಿರಿವಂತ ಮುದುಕಿಯ ಹಾಗೆ ಕಂಡಿತ್ತು. ಕೆಳಗಿನ ಕಮಾನು ಸಾಲು ಬೊಲೋನ್ಯಾದ್ದು. ಅಲ್ಲಿ ಮಳೆ ಬಂದರೂ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ರಜೆ ಸಿಕ್ಕಿದಾಗಲೆಲ್ಲ ರೈಲು ಹತ್ತಿ, ಚೌಕದ ಆಚೆ ತುದಿಯಲ್ಲಿ ಕೂತು, ಆ ಊರುಗಳ ಮುಖಗಳನ್ನು ಬರೆದುಕೊಂಡು ಬಂದಿದ್ದಳು. ಕಟ್ಟಡದ ನಡುವೆ ಅವೆಲ್ಲದರ ಸೊಕ್ಕು ಕೂಡಿದ ಒಂದು ಮಹಾ ಮೆಟ್ಟಿಲ ಸಭಾಂಗಣ.

ಜೆನೋವಾದಲ್ಲಿ ಮಾತ್ರ ಬರೆಯಲು ಏನೂ ಸಿಕ್ಕಿರಲಿಲ್ಲ. ಓಣಿಗಳು ಅಷ್ಟು ಇಕ್ಕಟ್ಟು. ಹಿಂದೆ ಸರಿದು ಒಂದು ಮನೆಯ ಮುಖ ನೋಡೋಣವೆಂದರೆ ಬೆನ್ನಿಗೆ ಎದುರು ಮನೆಯ ಗೋಡೆ ತಾಗುತ್ತಿತ್ತು.

ನಡುವರ್ಷದ ಪರೀಕ್ಷೆಯಲ್ಲಿ ಪ್ರೊಫ್ ಬಾಚಿಗಲೂಪೊ ಈ ಸಭಾಂಗಣಕ್ಕೆ ಸಿನ್ಯೋರಾ ಪೀನಾಳನ್ನು ಕರೆದುಕೊಂಡು ಬಂದಿದ್ದರು. ಸಿನ್ಯೋರಾ ಎಂದರೆ ಇಟಲಿಯಲ್ಲಿ ಅಮ್ಮಾವ್ರು; ಈ ಪೀನಾ ಅಮ್ಮಾವ್ರು ಉಗುರೆತ್ತರದ ಒಂದು ಸೀಸದ ಗೊಂಬೆ. ದಪ್ಪ ಮೈ, ತಲೆಗೊಂದು ವಸ್ತ್ರ, ಎರಡೂ ಕೈಯಲ್ಲಿ ತರಕಾರಿ ಚೀಲ. ಪ್ರೊಫ್ ಅದನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗುವವರು. ಎಂಥ ಕಟ್ಟಡವಾದರೂ ಸರಿ, ಪೀನಾಳನ್ನು ಅದರೊಳಗೆ ನಡೆಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇವಳು ಮನೆಗೆ ಹೋಗೋದು ಹೇಗೆ?

"ಪೀನಾ ಸಂತೆ ಮುಗಿಸಿ ಕೆಳಗಿನ ಓಣಿಗೆ ಬಂದಳು," ಎಂದಿದ್ದರು ಅಂದು. "ನಿನ್ನ ಬಾಗಿಲು ದಾಟಿದಳು. ಅಬ್ಬಾ, ಅರಮನೆ! ಮೆಟ್ಟಿಲೂ ಹತ್ತಿದಳು. ಇಲ್ಲಿಂದ ಮೇಲಿನ ಓಣಿಗೆ?"

"ದಾರಿ ಇಲ್ಲ. ವಾಪಸು ಇಳಿದು, ಹೊರಗೆ ಬಂದು, ಸುತ್ತಿಕೊಂಡು…"

"ಆಲೂಗಡ್ಡೆ ಹೊತ್ತುಕೊಂಡು?"

ಎಲ್ಲರೂ ನಕ್ಕಿದ್ದರು. ಪ್ರೊಫ್ ನಗಲಿಲ್ಲ. "ನೀನು ಯುರೋಪನ್ನ ನೋಡಿಲ್ಲ ಮಗಾ. ಯುರೋಪಿನ ಪೋಸ್ಟ್‌ಕಾರ್ಡ್ ನೋಡಿದೀಯ."

ಆ ಮಾತು ಎದೆಗೆ ಮುಳ್ಳಿನಂತೆ ನಾಟಿತ್ತು. ಅದಕ್ಕೆ ಉತ್ತರವೆಂದು ಡೀಲಿಯಾ ಮಾಡಿದ್ದಿಷ್ಟೇ: ಮುಖವನ್ನು ಇನ್ನೊಂದು ಪದರ ದಪ್ಪ ಮಾಡಿದ್ದಳು.

ಈಗ ಅಂಗಳದ ಮೆಟ್ಟಿಲ ಮೇಲೆ ಕೂತವಳಿಗೆ ಯಾಕೋ ಫ್ರಾನ್ಸಿನ ಲಿಯೋನ್ ನೆನಪಾಯಿತು. ಅಲ್ಲಿ ರೈಲು ತಪ್ಪಿ ಒಂದು ದಿನ ಉಳಿಯಬೇಕಾಗಿ ಬಂದಿತ್ತು. ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡ ಒಬ್ಬ ಮುದುಕ ಯಾರದೋ ಮನೆಯಂತಿದ್ದ ಬಾಗಿಲನ್ನು ಹೆಗಲಿನಿಂದ ತಳ್ಳಿ ಒಳಗೆ ಹೋಗಿದ್ದ. ಡೀಲಿಯಾಳೂ ಹಿಂದೆಯೇ ನುಗ್ಗಿದ್ದಳು. ಕತ್ತಲ ಹಾದಿ, ಪಾತ್ರೆ ತೊಳೆಯುವ ಸದ್ದು ಬೀಳುತ್ತಿದ್ದ ಒಂದು ಪುಟ್ಟ ಅಂಗಳ, ಸುತ್ತು ಮೆಟ್ಟಿಲು, ಮತ್ತೊಂದು ಬಾಗಿಲು. ತೆರೆದರೆ ಬೇರೆಯೇ ಬೀದಿ, ಬಿಸಿಲು! ಮುದುಕ ಆಗಲೇ ಮೂಲೆ ತಿರುಗಿದ್ದ. ಅವಳು ಅದನ್ನು ಬರೆದುಕೊಂಡಿರಲಿಲ್ಲ. ಅದಕ್ಕೆ ಮುಖವೇ ಇರಲಿಲ್ಲವಲ್ಲ, ಬರೆಯುವುದೇನನ್ನು?

ಅದರ ಬೆನ್ನಿಗೇ ಪಿಟ್ಸ್‌ಬರ್ಗ್ ಬಂತು. ಅವಳ ಬಾಬಾ, ಅಂದರೆ ಅಪ್ಪನ ಅಮ್ಮ, ಇದ್ದದ್ದು ಗುಡ್ಡದ ಮೇಲಿನ ಒಂದು ಬೀದಿಯಲ್ಲಿ. ನಕ್ಷೆಯಲ್ಲಿ ಅದಕ್ಕೆ ಬೀದಿಯೆಂದು ಹೆಸರು. ಹೋಗಿ ನೋಡಿದರೆ ಬರೀ ಮೆಟ್ಟಿಲು. ಉಕ್ಕಿನ ಕಾರ್ಖಾನೆಯಿಂದ ಬರುವವರಿಗೆಂದು ಮಾಡಿದ ಕಾಂಕ್ರೀಟು ಮೆಟ್ಟಿಲು, ಎರಡು ಕಡೆಯೂ ಮನೆಗಳು. ಹೊಸ ಟ್ಯಾಕ್ಸಿಯವರು ಕೆಳಗೆ ನಿಂತು ಹಾರ್ನು ಹೊಡೆದು ಹೊಡೆದು ಶಾಪ ಹಾಕಿ ಹೋಗುತ್ತಿದ್ದರು. ದಿನಸಿ ಚೀಲದ ಒಂದು ಕಿವಿ ಬಾಬಾಳಿಗೆ, ಇನ್ನೊಂದು ಡೀಲಿಯಾಳಿಗೆ. ತುದಿಯಲ್ಲಿ ಮೊಣಕಾಲೆತ್ತರದ ಒಂದು ಗೋಡೆ. "ಇಳಿಸು, ಇಳಿಸು, ಗಡಿಯಾರ ಕಾರ್ಖಾನೆಯವರದು, ನಮ್ಮದಲ್ಲ" ಎಂದು ಬಾಬಾ ಅದರ ಮೇಲೆ ಕೂತು ಏದುಸಿರು ಬಿಡುತ್ತಾ ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಅತ್ತಿತ್ತ ನೋಡುವಳು. ಇಲ್ಲಿ ಯಾರಾದರೂ ನಿನ್ನ ಮನೆ ಎಲ್ಲಿ ಎಂದಾಗ ಡೀಲಿಯಾ "ನದಿ ಹತ್ತಿರ" ಎಂದು ಹೇಳಿ ಮುಗಿಸುತ್ತಿದ್ದಳು.

ಕಣ್ಣು ಮರೆತದ್ದು ಮೊಣಕಾಲಿಗೆ ನೆನಪಿತ್ತು.

ಅವಳು ಎದ್ದು ಒಳಗೆ ಹೋಗಿ ಗರಗಸ ತಂದಳು. ಹಿಂದೆಯೇ ಫುಲ್ವಿಯೊ ಓಡಿ ಬಂದ.

"ಏ, ಏನೇ ಇದು? ನೆಗಡಿ ಆಯ್ತು ಅಂತ ಮೂಗು ಕೊಯ್ಕೋತೀಯಾ?"

"ಮೂಗಷ್ಟೇ ಅಲ್ಲ, ಇಡೀ ಮುಖ. ಹಿಡ್ಕೋ ಇಲ್ಲಿ, ಗಟ್ಟಿಯಾಗಿ."

"ನಾನು ಹಿಡಿಯಲ್ಲಪ್ಪ. ಆಮೇಲೆ ನಿಮ್ಮಮ್ಮ ಸಮುದ್ರ ದಾಟಿ ಬಂದು ನನ್ನ ಕೇಳ್ತಾಳೆ."

"ಹಿಡಿಯೋ, ಸುಮ್ನೆ!"

ಹಿಡಿದುಕೊಂಡ. ಮೊದಲು ಚಾಕುವಿನ ತುದಿಯಿಂದ ಆ ದಪ್ಪ ಮುಖವನ್ನು ಎಬ್ಬಿಸಿದಳು. ಅಂಟು ಒಂದೆರಡು ಸಲ ಹಟ ಮಾಡಿ ಚಟ್ಟನೆ ಬಿಟ್ಟುಕೊಟ್ಟಿತು. ಆಳದ ಲೆಕ್ಕ ಅಲ್ಲಿಗೆ ಸರಿಹೋಯಿತು. ಆಮೇಲೆ ನಡುವಿನ ಮಹಾ ಸಭಾಂಗಣದ ಈಚೆಗೊಂದು, ಆಚೆಗೊಂದು ಗೀಟು ಎಳೆದು ಗರಗಸ ಇಟ್ಟಳು. ಮರದ ಪುಡಿ ಫುಲ್ವಿಯೊನ ಶೂಗಳ ಮೇಲೆ ಹಿಟ್ಟಿನಂತೆ ಉದುರಿತು. ಮೊದಲ ಸಲ ಗರಗಸ ಹಿಂದಕ್ಕೆಳೆದಾಗ ಕಣ್ಣು ಬೇರೆ ಕಡೆ ತಿರುಗಿಸಿದಳು, ನಿಜ. ಮೂರನೆಯ ಸಲಕ್ಕೆ ಹಸಿವಾಯಿತು. ಅವನ ಜೇಬಿನಿಂದ ಇಣುಕುತ್ತಿದ್ದ ರೊಟ್ಟಿಯನ್ನೇ ಕಿತ್ತು ತಿಂದಳು.

ಸಭಾಂಗಣ ಹೊರಗೆ ಬಂತು. ಉಳಿದ ಎರಡು ತುಂಡುಗಳಲ್ಲಿ ಒಂದು ಎಡಗಡೆ ಗೋಡೆಗೆ, ಇನ್ನೊಂದು ಬಲಗಡೆ ಗೋಡೆಗೆ. ನಡುವೆ ಒಂದು ಸಂದು, ಇಬ್ಬರು ಚೀಲ ಹಿಡಿದು ಎದುರುಬದುರಾದರೂ ದಾಟುವಷ್ಟು. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಜೋಡಿಸಿದಳು. ಮೆಟ್ಟಿಲಿಗೆ ಪಟ್ಟಿ ಬೇಕಿತ್ತು. ಕಿತ್ತ ಮುಖ ಪಕ್ಕದಲ್ಲೇ ಬಿದ್ದಿತ್ತು. ಪ್ಯಾರಿಸಿನ ಸೂರು ತುಂಡು ತುಂಡಾಗಿ ಪೀನಾಳ ಕಾಲಡಿಗೆ ಬಂತು. ವಿಯೆನ್ನಾದ ಕಿಟಕಿಯ ಚೌಕಟ್ಟು ಹಿಡಿಕಂಬಿಯಾಯಿತು.

ಮಧ್ಯಾಹ್ನದ ನಂತರ ಪ್ರೊಫ್ ಬಾಚಿಗಲೂಪೊ ಗುಡ್ಡ ಹತ್ತುತ್ತಾ ಹತ್ತುತ್ತಾ ಅವಳ ಜಾಗಕ್ಕೆ ಬಂದರು. ಜೊತೆಗೆ ಹೊರಗಿನಿಂದ ಕರೆಸಿದ ಇಬ್ಬರು ವಾಸ್ತುಶಿಲ್ಪಿಗಳು, ಸುತ್ತ ಇಡೀ ತರಗತಿ. ಕೆಳಗೆ ಬಂದರಿನ ಪಕ್ಕದ ಹುಡುಗನೊಬ್ಬ ಆಗಲೇ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ.

"ಕೂರಿಸು," ಎಂದರು ಪ್ರೊಫ್.

ಡೀಲಿಯಾ ಎಡ ತುಂಡನ್ನು ಇಳಿಸಿದಳು. ಕೂತಿತು. ಬಲ ತುಂಡನ್ನು ಇಳಿಸಿದಳು. ಕೂತಿತು. ಮೆಟ್ಟಿಲ ಪಟ್ಟಿ ನಡುವೆ ಜಾರಿ ಟಕ್ ಎಂದಿತು.

ಪ್ರೊಫ್ ಕನ್ನಡಕ ಸರಿಮಾಡಿಕೊಂಡರು. "ಅರಮನೆ ಎಲ್ಲಿ ಹೋಯ್ತು?"

"ಕತ್ತರಿಸಿ ತೆಗೆದೆ, ಪ್ರೊಫ್."

"ಯಾಕೆ?"

"ಕೂರ್ತಾ ಇರಲಿಲ್ಲ. ಬೆಳಿಗ್ಗೆ ಗೊತ್ತಾಯ್ತು. ನಮ್ಮೂರಿನ ಪಟ್ಟಿಯಲ್ಲಿ ಅಳೆದುಬಿಟ್ಟಿದ್ದೆ." ಯಾರೋ ಕಿಸಕ್ಕೆಂದರು. ಡೀಲಿಯಾ ತಲೆ ತಗ್ಗಿಸಲಿಲ್ಲ. "ಕತ್ತರಿಸೋದು ಅಂತ ಆದ ಮೇಲೆ ಎಲ್ಲಿ ಕತ್ತರಿಸಬೇಕು ಅನ್ನೋದು ಗೊತ್ತಿತ್ತು."

"ಕತ್ತರಿಸಿ ಕೂರಿಸಿದ್ದಾ!" ಪ್ರೊಫ್ ಅತಿಥಿಗಳ ಕಡೆ ತಿರುಗಿದರು. "ಈ ಊರಲ್ಲಿ ಹಾಗಲ್ಲದೆ ಕೂತ ಒಂದು ಮನೆ ತೋರಿಸಿ ನೋಡೋಣ."

ಕೋಟಿನ ಜೇಬಿನಿಂದ ಪೀನಾ ಹೊರಬಂದಳು. ಎರಡು ಬೆರಳಿನಲ್ಲಿ ಹಿಡಿದು ಅವಳನ್ನು ಕೆಳಗಿನ ಓಣಿಯಲ್ಲಿ ನಿಲ್ಲಿಸಿದರು. ಸಂದಿಗೆ ತಿರುಗಿಸಿದರು. ಮೆಟ್ಟಿಲು ಹತ್ತಿಸಿದರು. ಎಡಕ್ಕೆ ಓದುಮನೆಯ ಒಂದು ಬಾಗಿಲು, ಬಲಕ್ಕೊಂದು. ಪೀನಾ ಎರಡರೊಳಗೂ ಇಣುಕಿದಳು, ಆದರೆ ನಿಲ್ಲಲಿಲ್ಲ. ಚೀಲ ಹೊತ್ತು ಹತ್ತಿಯೇ ಹತ್ತಿದಳು. ಮೇಲಿನ ಓಣಿಗೆ ಬಂದಳು.

ಅಲ್ಲಿ ಪ್ರೊಫ್‌ರ ಬೆರಳು ತಡೆಯಿತು. "ಇದೇನು? ಮಾಳಿಗೆ ಈ ಓಣಿಯ ಸಮಕ್ಕಿರಬೇಕಿತ್ತು, ಅದಕ್ಕಿಂತ ಎತ್ತರಕ್ಕಿದೆ."

ಫುಲ್ವಿಯೊ ಕಣ್ಣು ಮುಚ್ಚಿಕೊಂಡ. ಅಗಲ ಸರಿಯಾಗಿತ್ತು, ಆಳ ಸರಿಯಾಗಿತ್ತು, ಎತ್ತರವನ್ನು ಮಾತ್ರ ಡೀಲಿಯಾ ಮುಟ್ಟಿರಲಿಲ್ಲ.

"ಹೌದು. ಮೊಣಕಾಲೆತ್ತರ," ಎಂದಳು ಅವಳು. "ಹತ್ತಿ ಬಂದವಳು ಕೂರಬೇಡವಾ?"

ಪ್ರೊಫ್ ಬಗ್ಗಿದರು. ಮೂಗು ಮಾಳಿಗೆಗೆ ತಾಗುವಷ್ಟು ಬಗ್ಗಿ, ಪೀನಾಳ ಬೆನ್ನ ಹಿಂದೆ ಮಾಳಿಗೆಯ ಅಂಚು ಎಲ್ಲಿಗೆ ಬರುತ್ತದೆಂದು ನೋಡಿದರು. ಅಂಚು ಚೀಲಗಳ ಮಟ್ಟಕ್ಕೆ ಸರಿಯಾಗಿ ಬಂದಿತ್ತು. ಪೀನಾಳನ್ನು ಅದಕ್ಕೆ ಒರಗಿಸಿದರು, ಎರಡು ಚೀಲವೂ ಮಾಳಿಗೆಯ ಮೇಲೆ.

"ಇಲ್ಲಿಂದ ಏನು ಕಾಣುತ್ತೆ?"

"ಬಂದರು. ಹತ್ತುವಾಗ ಬೆನ್ನ ಹಿಂದೆ ಇರುತ್ತೆ, ಕಾಣಲ್ಲ. ಕೂತು ತಿರುಗಿದ್ರೆ ಕಾಣುತ್ತೆ."

"ಇದನ್ನ ಎಲ್ಲಿ ನೋಡಿದೆ? ಪ್ಯಾರಿಸಿನಲ್ಲಾ?"

"ದಾರಿ ಲಿಯೋನಿಂದು. ಕೂರೋ ಜಾಗ ನಮ್ಮ ಬೀದಿದು. ಪಿಟ್ಸ್‌ಬರ್ಗು. ನಮ್ಮ ಬೀದಿಯೂ ಮೆಟ್ಟಿಲೇ, ಪ್ರೊಫ್." ಈ ಇಡೀ ವರ್ಷದಲ್ಲಿ ಆ ಮಾತನ್ನು ಅವಳು ಮೊದಲ ಸಲ ಜೋರಾಗಿ ಹೇಳಿದ್ದಳು. ಹೇಳಿದ ಮೇಲೆ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಅತಿಥಿಗಳಲ್ಲೊಬ್ಬರು ಕಿಟಕಿಗಳ ಬಗ್ಗೆ ಏನೋ ಕೇಳಲು ಬಾಯಿ ತೆರೆದರು. ಪ್ರೊಫ್ ಕೈಯೆತ್ತಿ ತಡೆದರು.

"ಪೀನಾಳಿಗೆ ಮನೆ ದಾರಿ ಸಿಕ್ಕಿತು," ಎಂದರು. "ಇನ್ನೇನು ಕೇಳೋದಿದೆ? ಪೂರ್ತಿ ಅಂಕ ಬರ್ಕೊಳ್ಳಿ."

ಮೊದಲು ಚಪ್ಪಾಳೆ ತಟ್ಟಿದವನು ಫುಲ್ವಿಯೊ. ಆಮೇಲೆ ಎಲ್ಲರೂ. ಮೂಲೆಯಲ್ಲಿ ಮುಖ ಊದಿಸಿಕೊಂಡವನು ಸಹ ಎದ್ದು ನಿಂತು ತಟ್ಟಿದ. ಡೀಲಿಯಾಳಿಗೆ ನಗು ಬಂತು, ತಡೆಯಲು ಹೋಗಲಿಲ್ಲ. ಕೂದಲಲ್ಲೆಲ್ಲ ಮರದ ಪುಡಿ, ಬೆರಳುಗಳಿಗೆ ಅಂಟು ಮೆತ್ತಿ ಒಂದಕ್ಕೊಂದು ಹಿಡಿದುಕೊಂಡಿದ್ದವು. ಹಾಗೇ ನಕ್ಕಳು.

ಪ್ರೊಫ್ ಒಂದು ಓಣಿ ಮೇಲಕ್ಕೆ, ಗುಡ್ಡದ ಕೊನೆಯ ಮನೆಗೆ, ಸರಿದರು. ಫುಲ್ವಿಯೊ ಅಂಗಿ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು ತನ್ನ ಕಟ್ಟಡವನ್ನು ಕೂರಿಸಿದ. ಕಾದ. ಪ್ರೊಫ್‌ರ ಜೇಬು ನೋಡಿದ, ಕೈ ನೋಡಿದ. ಎರಡೂ ಖಾಲಿ.

"ಪ್ರೊಫ್, ಪೀನಾಳನ್ನ ಅಲ್ಲೇ ಮರೆತ್ರಿ. ನನ್ನ ಕಟ್ಟಡಕ್ಕೆ ಬೇಕಲ್ಲ."

ಪ್ರೊಫ್ ಬಾಚಿಗಲೂಪೊ ತಿರುಗಿ ಕೂಡ ನೋಡಲಿಲ್ಲ.

"ಈಗ ತಾನೆ ಕೂತಿದ್ದಾಳೆ. ಏಳಿಸಬೇಡ. ಕ್ಯಾಂಟೀನಿನಿಂದ ಒಂದು ಕಡಲೆಕಾಳು ತಗೊಂಡು ಬಾ, ಅದನ್ನೇ ನಡೆಸೋಣ."