ಎಡಕ್ಕೆ ತೆರೆದುಕೊಳ್ಳುವ ಗ್ರಾಫ್

ಗ್ರಾಫ್ ಎಲ್ಲಿ, ಮತ್ತೆ ಕಾಣುತ್ತಿಲ್ಲ, ಬ್ರೇಕಿನ ಬ್ರಾಕೆಟ್ಟೊಂದೇ ಒತ್ತಡ ಬಿದ್ದಲ್ಲೆಲ್ಲ ಕೆಂಪು ಹಳದಿ ಬಳಿದುಕೊಂಡು ಜ್ವರ ಬಂದವರ ಹಾಗೆ ಪರದೆಯ ಮೇಲೆ ಕೂತಿದೆ, ಕೆಳಗಿನ ಪಟ್ಟಿ ಮಾತ್ರ ಗ್ರಾಫಿನ ವಿಂಡೋ ತೆರೆದಿದೆ ಎನ್ನುತ್ತದೆ — ತೆರೆದಿರುವುದು ನಿಜ, ಎಡಗಡೆ ಇನ್ನೊಂದು ಮಾನಿಟರ್ ಇದೆಯೆಂದು ನಂಬಿ ಅಲ್ಲಿಗೆ ಹೋಗಿ ತೆರೆದುಕೊಂಡಿದೆ, ಅಲ್ಲಿರುವುದು ಮಾನಿಟರ್ ನಿಂತಿದ್ದ ಚೌಕ, ಮೇಜಿನ ಸನ್‌ಮೈಕಾ ಅಲ್ಲಿ ಮಾತ್ರ ಹೊಸ ಬಣ್ಣ. ಪಕ್ಕದ ಕುರ್ಚಿಯ ವೀರೇಶ ಪುಣೆಯ ಕ್ಲೈಂಟ್ ಆಫೀಸಿಗೆ ಹೋದ ವಾರವೇ ಅಕೌಂಟ್ಸ್‌ನವರು ಅದನ್ನು ಎತ್ತಿಕೊಂಡು ಹೋದರು, ಯಾವ ವಿಂಡೋ ಎಲ್ಲಿ ಕೂರಬೇಕೆಂದು ಅವನು ಜೋಡಿಸಿ ಸೇವ್ ಮಾಡಿದ್ದ ಲೇಔಟ್ ಯಾರಿಗೂ ಬೇಡವಾಗಿ ಮೆನುವಿನಲ್ಲಿ ಉಳಿಯಿತು, ಹೆಸರು ‘ಇಬ್ಬರು’, ನನ್ನ ಕಡೆ ಬ್ರಾಕೆಟ್, ಅವನ ಕಡೆ ಗ್ರಾಫ್, ಕಂಪ್ಯೂಟರ್ ಒಂದು, ಕುರ್ಚಿ ಎರಡು. ಮೊದಲ ಸಲ ನಿಜವಾಗಿಯೂ ಗಾಬರಿಯಾಗಿ ಪುಣೆಗೆ ಫೋನ್ ಮಾಡಿದ್ದೆ, ಎಲ್ಲೂ ಹೋಗಿಲ್ರೀ ವತ್ಸಲಾ ಮೇಡಂ, ಹೊರಗ ಎಡಕ್ಕ ಕುಂತೈತಿ, ಆಲ್ಟ್ ಸ್ಪೇಸ್ ಒತ್ರಿ, ಎಮ್ ಒತ್ರಿ, ಬಲಗಡಿ ಬಾಣ ಹಿಡೀರಿ, ತಾನ ಬರ್ತೈತಿ. ಬಂತು. ಹಾಗೇ ಸೇವ್ ಮಾಡಿದ್ದರೆ ಇಲ್ಲೇ ಉಳಿಯುತ್ತಿತ್ತು, ಮಾಡಲಿಲ್ಲ, ಮಾರನೆಯ ದಿನ ಮತ್ತೆ ಎಡಕ್ಕೆ, ನಾನು ಮತ್ತೆ ಫೋನಿಗೆ, ಎಂಟೆಕ್ ಮಾಡ್ಯಾರ, ಒಂದು ಬಾಣ ಒತ್ತಾಕ ಬರಂಗಿಲ್ಲ ನೋಡ್ರಿ ಎಂದು ಅವನು ನಗುತ್ತಿದ್ದ, ದಡ್ಡಿಯಾಗುವುದಕ್ಕೂ ಅಭ್ಯಾಸ ಬೇಕು, ಅತ್ತಿಗುಪ್ಪೆಯ ಮನೆಯ ಬೀಗ ತೆಗೆದ ಮೇಲೆ ಮಾತಾಡಲು ಸಿಗುವುದು ಹಾಲಿನ ಆಂಟಿ ಒಬ್ಬರೇ, ಅವರೂ ನಾಳೆ ಅರ್ಧ ಲೀಟರಾ ಎಂದಷ್ಟೇ ಕೇಳುತ್ತಾರೆ. ಸೋಮವಾರ ಅವನ ದನಿಯ ಹಿಂದೆ ಕುಕ್ಕರಿನ ಸೀಟಿ, ಹೆಂಡತಿಯ ದನಿ, ಯಾರ್ರೀ ಅದು, ಬೆಂಗಳೂರು ಆಫೀಸಿನ ಮೇಡಂ, ಮತ್ತ ವಿಂಡೋ ಕಳ್ಕೊಂಡಾರ, ಇಬ್ಬರೂ ನಕ್ಕರು, ನಾನೂ ನಕ್ಕೆ, ಮದುವೆಯ ವಿಷಯ ನನಗೇನು ಹೊಸದಲ್ಲ, ಆಫೀಸಿನ ಪರವಾಗಿ ಕೊಟ್ಟ ಗೋಡೆ ಗಡಿಯಾರ ಆರಿಸಿದ್ದು ನಾನೇ. ಆಮೇಲೆ ಮೆಲ್ಲಗೆ, ಇನ್ನ ಸಾಕ್ರೀ ಮೇಡಂ, ನಿಮ್ದ ಒಂದು ಲೇಔಟ್ ಮಾಡ್ಕೋರಿ, ಅದು ಎರಡು ಮಾನಿಟರಿಗೆ ಮಾಡಿದ್ದೈತ್ರೀ — ನನ್ನ ನಾಟಕ ಗೊತ್ತಿತ್ತು ಅವನಿಗೆ, ಎಂದಿನಿಂದಲೋ ಗೊತ್ತಿತ್ತು, ಗೊತ್ತಿದ್ದೂ ದಿನಾ ಆಲ್ಟ್ ಸ್ಪೇಸ್ ಹೇಳಿಕೊಟ್ಟಿದ್ದಾನೆ. ಫೋನಿಟ್ಟು ನೋಡಿದರೆ ಎಡಕ್ಕೆ ಚೌಕ. ಇವತ್ತು ಪಕ್ಕದ ಶೆಡ್ಡಿನ ಲೇತ್ ಕಿರ್ರೆನ್ನುತ್ತಿದೆ, ರಾಜಾಜಿನಗರದ ಈ ಬೀದಿಯಲ್ಲಿ ಕಬ್ಬಿಣಕ್ಕೂ ದೂರು ಹೇಳಿಕೊಳ್ಳುವ ಸ್ವಾತಂತ್ರ್ಯವಿದೆ, ಬಾಸ್ ಸೇತುರಾಮ್ ಸಾರ್ ಕ್ಯಾಬಿನ್ನಿನಿಂದ ಕತ್ತು ಚಾಚಿ, ಏನಮ್ಮಾ, ಇನ್ನೂ ಆ ಹಳೇ ಲೇಔಟ್ ಕಟ್ಕೊಂಡು ಒದ್ದಾಡ್ತಾ ಇದೀರಾ, ನಾಳೆಯಿಂದ ಎಲ್ರೂ ಕಂಪನಿದೇ ಹಾಕ್ಕೋಬೇಕು, ಅದನ್ನ ಡಿಲೀಟ್ ಮಾಡಿ ಅಂದಿದ್ನಲ್ಲ, ಮಾಡ್ತೀನಿ ಸಾರ್, ಈಗಲೇ ಮಾಡಿ, ನಾನು ನೋಡ್ಬೇಕು, ನೋಡುವುದಕ್ಕೆ ಏನಿದೆ ಸಾರ್ ಇದರಲ್ಲಿ, ಮೆನು ತೆರೆದೆ, ಅಳಿಸಲೇ ಎಂದು ಯಂತ್ರ ಕೇಳಿತು, ಈ ಕಟ್ಟಡದಲ್ಲಿ ನನ್ನ ಅಭಿಪ್ರಾಯ ಕೇಳುವುದು ಅದೊಂದೇ, ಇಲ್ಲ ಎನ್ನುವ ಗುಂಡಿಯೂ ಇತ್ತು, ಸಾರ್ ಬೆನ್ನ ಹಿಂದೆ ಬಂದು ನಿಂತು ಕೆಮ್ಮಿದರು, ಒತ್ತಿದೆ, ಹೌದು. ಕಂಪನಿಯ ಲೇಔಟ್ ಬಂತು, ಗ್ರಾಫ್ ಮರುಕ್ಷಣವೇ ನನ್ನ ಪರದೆಯ ಮೂಲೆಗೆ ಬಂದು ಕೂತಿತು, ಬಾಣವಿಲ್ಲ, ಎಮ್ ಇಲ್ಲ, ನೋಡಿ ಎಷ್ಟು ಸಲೀಸು ಎಂದರು ಸಾರ್, ಹೌದು ಸಾರ್, ಇನ್ನು ಏನೂ ಕಳೆಯುವುದಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ, ಗೆರೆ ಎಲ್ಲಿ ಏರಿತು ನೋಡಿ ಬರೆದುಕೊಳ್ಳಬೇಕು, ನೋಡಬೇಕು, ಕಣ್ಣು ಮಾತ್ರ ಎಡಕ್ಕೇ, ಮೇಜಿನ ಮೇಲೆ, ಹೊಸ ಬಣ್ಣದ ಚೌಕ, ಚೌಕ —